ಕತ್ತಲ ಸಮುದ್ರದಲ್ಲಿ ಕೈ ಹಿಡಿದ ಮುಳಬಾಗಿಲಿನ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಹವಾಯಿಯ ಕೋನಾದಲ್ಲಿ, ಮಾಂಟಾ ರೇ ಅನ್ನೋ ದೊಡ್ಡ ಚಪ್ಪಟೆ ಮೀನು ನೋಡಲು ಹೊರಟ ರಾತ್ರಿ ದೋಣಿಯಲ್ಲಿ, ವೆಟ್‌ಸೂಟ್ ಜಿಪ್ ಎಳೆಯಲೂ ಆಗದೆ ನಡುಗುತ್ತಿದ್ದ ಕೋಲಾರದ ಹುಡುಗ ನಾನು. ನಾನು ಈಜು ಕಲಿತದ್ದು ತೋಟದ ಬಾವಿಯಲ್ಲಿ, ಅದೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು. ಕಪ್ಪು ನೀರು ನೋಡಿ "ಅಯ್ಯಪ್ಪಾ, ನಾನಿಳಿಯಲ್ಲ" ಅಂತ ಸುಮ್ನೆ ಗೊಣಗಿದೆ. ಪಕ್ಕದಿಂದ "ಯಾವೂರಪ್ಪಾ? ನಂದು ಮುಳಬಾಗಿಲು" ಅಂದಿರಲ್ಲ, ಅರ್ಧ ಭಯ ಅಲ್ಲೇ ಹೋಯಿತು.

ಮಾಂಟಾ ಬಾಲದಲ್ಲಿ ಚುಚ್ಚುವ ಮುಳ್ಳಿಲ್ಲ, ಅದು ಬರುವುದು ನಮ್ಮ ದೀಪಕ್ಕೆ ಮುತ್ತುವ ಪ್ಲಾಂಕ್ಟನ್ ಅನ್ನೋ ಪುಟಾಣಿ ಜೀವಿಗಳನ್ನ ತಿನ್ನೋಕೆ, ತೇಲುವ ಹಲಗೆ ಬಿಡಬೇಡ, ಮಾಂಟಾನ ಮುಟ್ಟಲೂಬೇಡ, ಅದರ ಮೈಮೇಲಿನ ಲೋಳೆ ಪದರ ಹಾಳಾಗುತ್ತೆ ಅಂತ ಮಗುವಿಗೆ ಹೇಳಿದ ಹಾಗೆ ಹೇಳಿದಿರಿ.

ಆಮೇಲೆ ಬಂತು ನೋಡಿ! ಸುಮಾರು 3 ಮೀಟರ್ ಅಗಲದ ರೆಕ್ಕೆ, ಮೊರದಂತೆ ತೆರೆದ ಬಾಯಿ. ನನ್ನ ಮುಖದಿಂದ ಗೇಣು ದೂರದಲ್ಲಿ ಪಲ್ಟಿ ಹೊಡೆದು, ಬಿಳಿ ಹೊಟ್ಟೆಯ ಕಪ್ಪು ಮಚ್ಚೆ ತೋರಿಸಿ ಕೆಳಗಿಳಿಯಿತು. ನಾನು ಉಸಿರಾಡುವ ಕೊಳವೆ, ಆ ಸ್ನಾರ್ಕೆಲ್ ಒಳಗೇ ಕಿರುಚಿ ಉಪ್ಪುನೀರು ಕುಡಿದೆ. ನೀವು ನಗುತ್ತಲೇ ನನ್ನ ಮಣಿಕಟ್ಟು ಹಿಡಿದಿದ್ದಿರಿ.

ಥ್ಯಾಂಕ್ಸ್ ಅಕ್ಕಾ. ಊರಿಗೆ ಬಂದಾಗ ಕೋಲಾರದಲ್ಲಿ ಇಳಿಯಿರಿ, ಅಂತರಗಂಗೆ ಬೆಟ್ಟ ಹತ್ತೋಣ. ದೋಸೆ ಮಾತ್ರ ನಿಮ್ಮೂರಲ್ಲೇ.