ವಿಮಾನದ ರೆಕ್ಕೆಗೆ ಪ್ರೈಮರ್ ಇಲ್ಲದೆ ಕೂರಿಸಿದ ಫಿಟ್ಟಿಂಗ್: ವರ್ಕ್‌ಶಾಪ್‌ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಫ್ಯಾಬ್ರಿಕೇಷನ್ ವಿಭಾಗ,
ಉದ್ಯಮಬಾಗ, ಬೆಳಗಾವಿ

ವಿಷಯ: ರೆಕ್ಕೆಯ ಬುಡದ ಫಿಟ್ಟಿಂಗ್ ಜೋಡಣೆಯಲ್ಲಿ ಆದ ಲೋಪ, ಅದನ್ನು ನಿಮ್ಮ ಖರ್ಚಿನಲ್ಲಿ ಸರಿಪಡಿಸಿಕೊಡುವ ಬಗ್ಗೆ

ಮಾನ್ಯರೆ,

ನಾನು ಮನೆ ಹಿಂದಿನ ಶೆಡ್‌ನಲ್ಲಿ ಇಬ್ಬರು ಕೂರುವ ಸಣ್ಣ ವಿಮಾನ ಕಟ್ಟುತ್ತಿದ್ದೇನೆ. ಅದರ ರೆಕ್ಕೆಯ ಸ್ಪಾರ್‌ಗಳಿಗೆ (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆಗಳಿಗೆ) ಉಕ್ಕಿನ ಫಿಟ್ಟಿಂಗ್, ಅಂದರೆ ಜೋಡಣೆಯ ತುಂಡು, ಕೂರಿಸುವ ಕೆಲಸವನ್ನು ಬೇಸಿಗೆಯಲ್ಲಿ ನಿಮಗೆ ಕೊಟ್ಟಿದ್ದೆ. ಪೂರ್ತಿ ದುಡ್ಡು ಕೊಟ್ಟಿದ್ದೇನೆ, ಬಿಲ್ ನನ್ನ ಹತ್ತಿರ ಇದೆ. ಕೆಲಸ ಮಾತ್ರ ನಾನು ಬರೆದುಕೊಟ್ಟಂತೆ ಆಗಿಲ್ಲ.

ಸ್ಪಾರ್ 6061-ಟಿ6 ಅಲ್ಯೂಮಿನಿಯಂ, ಫಿಟ್ಟಿಂಗ್ 4130 ಉಕ್ಕು. ಇವೆರಡೂ ನೇರವಾಗಿ ಒಂದಕ್ಕೊಂದು ಮುಟ್ಟಬಾರದು. ಅದಕ್ಕೇ ಆರ್ಡರ್ ಹಾಳೆಯಲ್ಲಿ ಬಿಡಿಸಿ ಬರೆದಿದ್ದೆ: ಎರಡೂ ಲೋಹದ ಕೂಡುವ ಮೈಗೆ ಎಪಾಕ್ಸಿ ಪ್ರೈಮರ್ (ಲೋಹ ಕಾಯುವ ಮೊದಲ ಲೇಪ) ಹೊಡೆದು ಒಣಗಿಸಬೇಕು, ನಡುವೆ ತೇವ ತಡೆಯುವ ಸೀಲೆಂಟ್ ಹಚ್ಚಿ ಅದು ಹಸಿ ಇರುವಾಗಲೇ ಬೋಲ್ಟ್ ಬಿಗಿಯಬೇಕು. ವಿಮಾನಕ್ಕೆಂದೇ ಮಾಡುವ, ಕ್ಯಾಡ್ಮಿಯಂ ಲೇಪದ ಎಎನ್ ಬೋಲ್ಟ್‌ಗಳನ್ನು ನಾನೇ ತಂದುಕೊಟ್ಟಿದ್ದೆ.

ಮಳೆಗಾಲ ಕಳೆದ ಮೇಲೆ ಒಂದು ಫಿಟ್ಟಿಂಗ್ ಬಿಚ್ಚಿ ನೋಡಿದೆ. ಹೊರಗೆ ಹಸಿರು ಬಣ್ಣ ಬಹಳ ಚೆಂದ ಹೊಡೆದಿದ್ದೀರಿ. ಒಳಗೆ ಪ್ರೈಮರೂ ಇಲ್ಲ, ಸೀಲೆಂಟೂ ಇಲ್ಲ. ಬೋಲ್ಟ್ ತೂತಿನ ಸುತ್ತ ತೋಯ್ದ ರಂಗೋಲಿ ಪುಡಿಯಂಥ ಬಿಳಿ ಪುಡಿ ಕಟ್ಟಿತ್ತು. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದರೆ ಕೆಳಗೆ ಅಲ್ಯೂಮಿನಿಯಂ ಸಣ್ಣ ಸಣ್ಣ ಕುಳಿ ಬಿದ್ದಿದೆ. ತೂತಿನ ಒಳಗೋಡೆಯಲ್ಲೂ ಹಾಗೇ ಇದೆ. ಅಳತೆಗೆಂದು ನಿಮ್ಮವರು ಪೆನ್ಸಿಲ್‌ನಿಂದ ಎಳೆದ ಗೆರೆಗಳು ಅಳಿಸದೆ ಹಾಗೇ ಉಳಿದಿವೆ, ಗೆರೆಯ ಗುಂಟ ಲೋಹ ಮಂಕಾಗಿದೆ. ಪೆನ್ಸಿಲ್ ಸೀಸ ಅಂದರೆ ಗ್ರಾಫೈಟ್. ಅಲ್ಯೂಮಿನಿಯಂಗೆ ಅದೂ ಶತ್ರುವೇ. ವಿಮಾನದ ಕೆಲಸದಲ್ಲಿ ಪೆನ್ಸಿಲ್ ಬಿಟ್ಟು ಮಾರ್ಕರ್ ಬಳಸುವುದು ಇದಕ್ಕೇ.

ನಾನು ಕೊಟ್ಟ ಬೋಲ್ಟ್‌ಗಳೂ ಇರಲಿಲ್ಲ. ತೆಗೆದ ಬೋಲ್ಟ್‌ನ ತಲೆ ಮೇಲೆ ಎ2-70 ಎಂದು ಅಚ್ಚಿದೆ, ಅಂದರೆ ಅಂಗಡಿಯಲ್ಲಿ ಸಿಗುವ ಸ್ಟೇನ್‌ಲೆಸ್ ಬೋಲ್ಟ್. ಫೋನ್ ಮಾಡಿದಾಗ ನಿಮ್ಮ ಸೂಪರ್‌ವೈಸರ್ ಸಾಹೇಬರು, "ಸ್ಟೇನ್‌ಲೆಸ್ ಹಾಕಿದ್ದೀವಿ ಸರ್, ಅದಕ್ಕೆ ತುಕ್ಕೇ ಹಿಡಿಯಲ್ಲ, ಜಾಸ್ತಿ ರೇಟಿನ ಮಾಲು" ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅಂತ ಗೊತ್ತು. ಆದರೆ ತಪ್ಪು ಇರುವುದೇ ಇಲ್ಲಿ. ಸ್ಟೇನ್‌ಲೆಸ್‌ಗೆ ತುಕ್ಕು ಹಿಡಿಯಲ್ಲ, ನಿಜ. ಅದರ ಪಕ್ಕದ ಅಲ್ಯೂಮಿನಿಯಂ ಹಾಳಾಗುತ್ತದೆ. ಎರಡು ಬೇರೆ ಲೋಹ ಕೂಡಿ ನಡುವೆ ತೇವ ಸೇರಿದರೆ ಅದು ಬ್ಯಾಟರಿಯಂತೆಯೇ ಕೆಲಸ ಮಾಡುತ್ತದೆ. ತೇವದಲ್ಲಿ ಸುಲಭವಾಗಿ ಕರಗುವ ಲೋಹ ಸವೆಯುತ್ತದೆ, ಇನ್ನೊಂದು ಚೆನ್ನಾಗಿ ಉಳಿಯುತ್ತದೆ. ನಿಮ್ಮ ಉಕ್ಕಿನ ಫಿಟ್ಟಿಂಗ್ ಇವತ್ತಿಗೂ ಸರಿಯಾಗಿಯೇ ಇದೆ. ಸವೆದದ್ದು ನನ್ನ ಸ್ಪಾರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬೆಳಗಾವಿಯಲ್ಲಿ ತೇವಕ್ಕೇನು ಬರವೇ? ಮನೆಯೊಳಗೆ ಹಾಕಿದ ಬಟ್ಟೆಯೇ ಒಣಗಲ್ಲ. ಕ್ಯಾಡ್ಮಿಯಂ ಈ ವಿಷಯದಲ್ಲಿ ಅಲ್ಯೂಮಿನಿಯಂಗೆ ಹತ್ತಿರದ ಲೋಹ. ಆ ಲೇಪದ ಬೋಲ್ಟ್ ಕೇಳಿದ್ದು ಸುಮ್ನೆ ಅಲ್ಲ.

ಶಕ್ತಿಯೂ ಕಡಿಮೆಯೇ. ಎ2-70 ಬೋಲ್ಟ್‌ನ ಎಳೆತದ ಬಲ 700 ಮೆಗಾಪ್ಯಾಸ್ಕಲ್, ಎಎನ್ ಬೋಲ್ಟ್‌ನದು ಸುಮಾರು 860. ಕೇಳದೆ ಬೋಲ್ಟ್ ಬದಲಿಸಿದ್ದಕ್ಕೆ ನನಗೆ ನಿಜಕ್ಕೂ ಸಿಟ್ಟು ಬಂದಿದೆ. ಇದು ಗೇಟು, ಗ್ರಿಲ್ ಕೆಲಸ ಅಲ್ಲ. ಇಡೀ ರೆಕ್ಕೆಯ ಭಾರ ಈ ಕೆಲವೇ ಬೋಲ್ಟ್‌ಗಳ ಮೇಲೆ ನಿಲ್ಲುತ್ತದೆ. ತೂತಿನೊಳಗಿನ ಕುಳಿಯಿಂದ ಬಿರುಕು ಶುರುವಾದರೆ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ನನ್ನ ಪಕ್ಕದ ಸೀಟಿನಲ್ಲಿ ಕೂರುವುದು ನನ್ನ ಮಗಳು.

ಆದ್ದರಿಂದ ಎಲ್ಲ ಫಿಟ್ಟಿಂಗ್‌ಗಳನ್ನೂ ನನ್ನ ಎದುರಿಗೇ ಬಿಚ್ಚಬೇಕು. ಕುಳಿ ಬಿದ್ದ ತೂತನ್ನು ರೀಮರ್ ಹಾಕಿ ಒಂದು ಸೈಜ್ ದೊಡ್ಡದು ಮಾಡಬಹುದು, ಆದರೆ ತೂತಿನ ನಡುವಿನಿಂದ ಅಂಚಿಗೆ ತೂತಿನ ವ್ಯಾಸದ ಎರಡರಷ್ಟಾದರೂ ಜಾಗ ಉಳಿಯಬೇಕು. ಉಳಿಯದಿದ್ದರೆ ಹೊಸ ಸ್ಪಾರ್ ನಿಮ್ಮ ಖರ್ಚಿನಲ್ಲೇ ಆಗಬೇಕು. ಸ್ವಚ್ಛ ಮಾಡುವಾಗ ಕಬ್ಬಿಣದ ತಂತಿ ಬ್ರಷ್ ಮುಟ್ಟಿಸಬೇಡಿ, ಅದರ ಚೂರು ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡು ಇದೇ ಕಥೆ ಮತ್ತೆ ಶುರುವಾಗುತ್ತದೆ. ಪ್ರೈಮರ್ ಎರಡೂ ಮೈಗೆ ಬೇಕು. ಅಲ್ಯೂಮಿನಿಯಂಗೆ ಮಾತ್ರ ಹೊಡೆದು ಉಕ್ಕನ್ನು ಬಿಟ್ಟರೆ, ಎಲ್ಲೋ ಒಂದು ಗೀರು ಬಿದ್ದ ಕಡೆ ಸವೆತವೆಲ್ಲ ಆ ಗೀರಿನಲ್ಲೇ ಆಗಿ ಆಳಕ್ಕೆ ಇಳಿಯುತ್ತದೆ. ನಾನು ಕೊಟ್ಟಿದ್ದ ಎಎನ್ ಬೋಲ್ಟ್‌ಗಳನ್ನು ವಾಪಸ್ ಕೊಡಿ. ಅವು ಕಳೆದಿದ್ದರೆ ಅಂಥವನ್ನೇ ತರಿಸಿಕೊಡಿ.

ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮ್ಮಲ್ಲಿ ಕೈ ಪಳಗಿದ ಕೆಲಸಗಾರರಿದ್ದಾರೆ. ಫಿಟ್ಟಿಂಗ್‌ನ ಕಟಿಂಗ್, ಡ್ರಿಲ್ಲಿಂಗ್ ಎಲ್ಲ ಅಳತೆಗೆ ಸರಿಯಾಗಿಯೇ ಇದೆ. ಅವರಿಗೆ ಈ ಪತ್ರವನ್ನು ಓದಿ ಹೇಳಿ, ಕೆಲಸಕ್ಕೆ ಯಾವ ದಿನ ಬರಬೇಕೆಂದು ತಿಳಿಸಿ.

ಇಂತಿ,
ನಿಮ್ಮ ಗ್ರಾಹಕ
ಟಿಳಕವಾಡಿ, ಬೆಳಗಾವಿ

ಲಗತ್ತು: ಆರ್ಡರ್ ಹಾಳೆಯ ಪ್ರತಿ, ಬಿಲ್, ಬಿಚ್ಚಿದ ಫಿಟ್ಟಿಂಗ್‌ನ ಫೋಟೊಗಳು