ಆಶಾ ಅಕ್ಕ, ನಿಮಗೆ ಕೈ ಮುಗಿಯುತ್ತೇನೆ

ನೀವು ಆಶಾ ಕಾರ್ಯಕರ್ತೆ. ನಿಮ್ಮ ಹೆಸರು ಬರೆಯಬೇಡ ಅಂದಿದ್ದಿರಿ, ಬರೆಯುವುದಿಲ್ಲ. ಆದರೆ ಮಧುಗಿರಿ ಕಡೆಯ ನಮ್ಮೂರಿಗೆ ನೀವು ಬಂದ ಆ ದಿನವನ್ನು ಮರೆಯಲು ಆಗುವುದಿಲ್ಲ.

ಅಮ್ಮ ಜಗಲಿ ಮೇಲೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ನೀವು ಬಂದದ್ದು ಪಕ್ಕದ ಮನೆ ಮಗುವಿನ ಲಸಿಕೆ ವಿಷಯಕ್ಕೆ. ಅಮ್ಮನ ಮೊಣಕೈ ಹತ್ತಿರದ ಮಾಸಲು ಮಚ್ಚೆ ನಿಮ್ಮ ಕಣ್ಣಿಗೆ ಬಿತ್ತು. ಕಣ್ಣು ಮುಚ್ಚಿಸಿ, ಪೆನ್ನಿನ ತುದಿಯಿಂದ ಮೆಲ್ಲಗೆ ಮುಟ್ಟಿ, "ಎಲ್ಲಿ ಮುಟ್ಟಿದೆ ತೋರಿಸಿ ಅಮ್ಮ" ಅಂದಿರಿ. ಅಂಗೈಯಲ್ಲಿ ಗೊತ್ತಾಯಿತು. ಮಚ್ಚೆ ಮೇಲೆ ಗೊತ್ತಾಗಲೇ ಇಲ್ಲ. ನಾವು ಬಿಸಿಲಿನ ಕಲೆ ಅಂತ ಸುಮ್ನೆ ಬಿಟ್ಟಿದ್ದೆವು.

ಆಸ್ಪತ್ರೆಯಲ್ಲಿ ಕುಷ್ಠರೋಗ ಎಂದಾಗ ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರು. ನೀವು ಮನೆಗೆ ಬಂದು, ಅಮ್ಮನ ಪಕ್ಕದಲ್ಲೇ ಕೂತು, ಅಮ್ಮನ ಲೋಟದಲ್ಲೇ ಟೀ ಕುಡಿದಿರಿ. ನಮಗೆ ಧೈರ್ಯ ಬಂದದ್ದು ಆಗಲೇ.

ಮೈಮೇಲೆ ಒಟ್ಟು ಐದಕ್ಕಿಂತ ಜಾಸ್ತಿ ಮಚ್ಚೆ ಇದ್ದವು, ಹಾಗಾಗಿ 12 ತಿಂಗಳ ಮಾತ್ರೆ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್, ಮೂರೂ ಒಂದೇ ಪಟ್ಟಿಯಲ್ಲಿ, ಉಚಿತವಾಗಿ. ಒಂದೇ ಔಷಧಿಯಾದರೆ ರೋಗಾಣು ಅದಕ್ಕೆ ಬಗ್ಗದೆ ಉಳಿದುಬಿಡಬಹುದು, ಅದಕ್ಕೇ ಮೂರು ಅಂತ ಬಿಡಿಸಿ ಹೇಳಿದಿರಿ. ತಿಂಗಳ ಮೊದಲ ಡೋಸ್ ನಿಮ್ಮ ಎದುರೇ. ಮಾತ್ರೆಯಿಂದ ಮೂತ್ರ ಕೆಂಪಾದಾಗ ಅಮ್ಮ ಹೆದರಿದರು. ಮೈ ಕಪ್ಪಾದಾಗ ಮಾತ್ರೆಯನ್ನೇ ಬಚ್ಚಿಟ್ಟರು. ಸಂಜೆ ಬಸ್ಸಿಗೆ ಬಂದು, ಅಕ್ಕಿ ಡಬ್ಬದಿಂದ ಆ ಪಟ್ಟಿ ತೆಗೆಸಿ, "ಬಣ್ಣ ನಿಧಾನಕ್ಕೆ ವಾಪಸ್ ಬರುತ್ತದೆ. ಬೆರಳು ಹೋದರೆ ಬರಲ್ಲ ಅಲ್ವಾ ಅಮ್ಮ" ಅಂದಿರಿ.

ಅಮ್ಮ 12ನೇ ಪಟ್ಟಿಯನ್ನೂ ಮುಗಿಸಿದರು. ಹತ್ತೂ ಬೆರಳು ಚೆನ್ನಾಗಿವೆ. ಈ ಸಲದ ಹೊಸ ಹುಣಸೆಹಣ್ಣು ನಿಮಗೆ ಅಂತ ಎತ್ತಿಟ್ಟಿದ್ದಾರೆ. ಬನ್ನಿ ಅಕ್ಕ.