ಮನೆಯಲ್ಲಿ ಹಕ್ಕಿ ಇದ್ದರೆ ಡಾಕ್ಟರಿಗೆ ಹೇಳಿ

ಸಂಪಾದಕರಿಗೆ,

ಮಾನ್ಯರೇ,

ವಿಜಯಪುರದಲ್ಲಿ ಲವ್ ಬರ್ಡ್ಸ್ ಸಾಕುವವರು ಈಗ ಜಾಸ್ತಿ ಆಗಿದ್ದಾರೆ. ನಮ್ಮ ಓಣಿಯಲ್ಲೇ ನಾಲ್ಕಾರು ಮನೆಗಳ ಪಡಸಾಲೆಯಲ್ಲಿ ಪಂಜರಗಳಿವೆ. ಮಕ್ಕಳಿಗೆ ಖುಷಿ, ಮನೆಯಲ್ಲೇ ಇರುವ ಹಿರಿಯರಿಗೆ ಜೊತೆ. ಸಾಕಲಿ, ಬೇಡ ಅನ್ನುವುದಿಲ್ಲ. ಆದರೆ ಈ ಹಕ್ಕಿಗಳಿಂದ ನಮ್ಮ ಶ್ವಾಸಕೋಶಕ್ಕೆ ತಗಲುವ ಕಾಯಿಲೆಯೊಂದಿದೆ. ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ಅದರ ಹೆಸರು ಸಿಟಕೋಸಿಸ್. ಗಿಳಿಜ್ವರ ಅಂತಲೂ ಕರೆಯುತ್ತಾರೆ. ಗಿಳಿ ಜಾತಿಯ ಹಕ್ಕಿಗಳಲ್ಲಿ ಜಾಸ್ತಿ, ಪಾರಿವಾಳಗಳಲ್ಲೂ ಇರುತ್ತದೆ. ಇದು ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಹಿಕ್ಕೆ ಒಣಗಿ ಪುಡಿಯಾಗಿ ಗಾಳಿಗೆ ಸೇರುತ್ತದೆ, ಉಸಿರಿನ ಜೊತೆ ಒಳಗೆ ಹೋಗುತ್ತದೆ. ನಾವು ಪಂಜರ ಹೇಗೆ ಸ್ವಚ್ಛ ಮಾಡುತ್ತೇವೆ ನೋಡಿ. ತಳದ ತಟ್ಟೆ ಎಳೆದು ನವಣೆ ಹೊಟ್ಟು, ಪುಕ್ಕ, ಒಣ ಹಿಕ್ಕೆ ಎಲ್ಲಾ ಅಂಗಳದಲ್ಲಿ ಕೊಡವುತ್ತೇವೆ. ಆಮೇಲೆ ಕಸಬರಿಗೆ. ಎದ್ದ ಧೂಳು ಗುಡಿಸುವ ಅಜ್ಜಿಯ ಮೂಗಿಗೇ ಹೋಗುತ್ತದೆ, ಪಕ್ಕದಲ್ಲಿ ನಿಂತ ಮಗುವಿನ ಮೂಗಿಗೂ. ಮೊದಲು ನೀರು ಚಿಮುಕಿಸಿ ನೆನೆಸಬೇಕು. ಮಾಸ್ಕ್ ಹಾಕಿಕೊಂಡು ತೆಗೆಯಬೇಕು, ಆಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಖರ್ಚೇನೂ ಇಲ್ಲ ಅಲ್ವಾ?

ಸೋಂಕು ತಗಲಿದರೆ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು, ಒಣಕೆಮ್ಮು ಶುರುವಾಗುತ್ತದೆ. ಫ್ಲೂ ಅಂತ ಸುಮ್ನಿದ್ದರೆ ಕೆಲವರಿಗೆ ನ್ಯುಮೋನಿಯಾ ಆಗುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆಗೆ ಚೆನ್ನಾಗಿ ಬಗ್ಗುವ ಕಾಯಿಲೆ ಇದು. ಅಮಾಕ್ಸಿಸಿಲಿನ್‌ನಂಥ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಹಾಗಂತ ಮೆಡಿಕಲ್ ಶಾಪಿನಲ್ಲಿ ಕೇಳಿ ನಾವೇ ನುಂಗುವುದು ತಪ್ಪು. ಕೆಮ್ಮು ಅಂದ ತಕ್ಷಣ ಡಾಕ್ಟರು ಕ್ಷಯ ಇದೆಯಾ ಅಂತ ನೋಡುತ್ತಾರೆ, ನೋಡಲೇಬೇಕು. ಆದರೆ ಮನೆಯಲ್ಲಿ ಪಂಜರ ಇದೆ ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು? ನಾವೇ ಹೇಳಬೇಕು. ಅವರೂ ಒಂದು ಮಾತು ಕೇಳಿದರೆ ಒಳ್ಳೆಯದು.

ಪುಕ್ಕ ಉಬ್ಬಿಸಿಕೊಂಡು ಮಂಕಾಗಿ ಕೂತ, ಕಣ್ಣು ಮೂಗು ಸೋರುವ ಹಕ್ಕಿಯನ್ನು ಕೊಳ್ಳಬೇಡಿ. ಕೊಂಡಿದ್ದರೆ ಬೇರೆ ಪಂಜರದಲ್ಲಿಟ್ಟು ಪಶುವೈದ್ಯರಿಗೆ ತೋರಿಸಿ. ಹೆದರಿ ಹೊರಗೆ ಬಿಟ್ಟರೆ ಕಾಗೆ ಬೆಕ್ಕುಗಳ ಪಾಲಾಗುತ್ತದೆ, ಪಾಪ. ಚೆನ್ನಾಗಿ ಕಾಣುವ ಹಕ್ಕಿಯಲ್ಲೂ ಈ ರೋಗಾಣು ಇರಬಹುದು. ಊರಿಂದೂರಿಗೆ ಸಾಗಿಸಿದಾಗ, ಒಂದೇ ಪಂಜರದಲ್ಲಿ ಗಿಜಿಗಿಜಿ ತುಂಬಿದಾಗ ಅದು ಹೆಚ್ಚಾಗಿ ಹೊರಬೀಳುತ್ತದೆ. ಅಂಗಡಿಗಳಲ್ಲಿ ನಾವು ನೋಡುವುದು ಅದನ್ನೇ.

2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಇಂಥ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಲೇಬೇಕು. ನಮ್ಮ ಊರಿನ ಎಷ್ಟು ಅಂಗಡಿಗಳು ಮಾಡಿಸಿವೆ ಅಂತ ಪಶುಸಂಗೋಪನಾ ಇಲಾಖೆ ಮತ್ತು ಮಹಾನಗರ ಪಾಲಿಕೆ ಪರಿಶೀಲಿಸಿ ಪ್ರಕಟಿಸಲಿ. ಹಕ್ಕಿ ಮಾರುವಾಗ ಪಂಜರ ಸ್ವಚ್ಛ ಮಾಡುವ ರೀತಿಯನ್ನು ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಚೀಟಿಯನ್ನೂ ಕೊಡುವಂತೆ ಮಾಡಲಿ.

– ಓದುಗ, ವಿಜಯಪುರ